ಐಜಿಎ ನೆಫ್ರೋಪತಿ: ಬಯಾಪ್ಸಿಯಲ್ಲಿ ಕಂಡದ್ದಕ್ಕೂ ಕಿಡ್ನಿಯ ಮುಂದಿನ ವರ್ಷಗಳಿಗೂ ಏನು ಸಂಬಂಧ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಂಬೈಯಲ್ಲಿ, ಪರೇಲ್ ಕಡೆಯ ಒಂದು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಕಿಡ್ನಿ ಬಯಾಪ್ಸಿಯ ತುಂಡನ್ನು ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಮೇಲೆ ಕೂರಿಸಿ ಡಾಕ್ಟರ ಮುಂದೆ ಇಡುವುದು ನನ್ನ ಕೆಲಸ. ರೋಗ ಯಾವುದೆಂದು ಹೇಳುವವರು ಪೆಥಾಲಜಿಸ್ಟ್, ಔಷಧ ಬರೆಯುವವರು ನೆಫ್ರಾಲಜಿಸ್ಟ್. ಆದರೆ ಮಾಟುಂಗಾ, ಮುಲುಂಡ್, ಡೊಂಬಿವಲಿಯ ನಮ್ಮ ಕನ್ನಡದವರ ಮನೆಯಲ್ಲಿ ಯಾರಿಗಾದರೂ ಐಜಿಎ ನೆಫ್ರೋಪತಿ (ಐಜಿಎ ಎಂಬ ಆಂಟಿಬಾಡಿ ಕಿಡ್ನಿಯ ಫಿಲ್ಟರುಗಳಲ್ಲಿ ಕೂತು ಉರಿಯೂತ ತರುವ ರೋಗ) ಎಂದು ಗೊತ್ತಾದರೆ ವರದಿಯ ಫೋಟೋ ವಾಟ್ಸಾಪಿನಲ್ಲಿ ನನಗೂ ಬರುತ್ತದೆ. "ಅಣ್ಣಾ, ಇದರಲ್ಲಿ ಟಿ1 ಅಂತ ಬರೆದಿದ್ದಾರೆ, ಹಾಗಂದರೆ ಏನು? ಡಾಕ್ಟರ ಹತ್ತಿರ ಕೇಳೋಕೆ ಟೈಮೇ ಸಿಗಲಿಲ್ಲ." ಇಂಥ ಪ್ರಶ್ನೆಗಳೇ ಮತ್ತೆ ಮತ್ತೆ ಬರುವುದರಿಂದ ಉತ್ತರಗಳನ್ನು ಒಂದೇ ಕಡೆ ಬರೆದಿದ್ದೇನೆ.

ಕ್ರಿಯೇಟಿನಿನ್ ನಾರ್ಮಲ್ ಇದೆ. ಆದರೂ ಸೂಜಿ ಚುಚ್ಚಿ ಬಯಾಪ್ಸಿ ಯಾಕೆ ಮಾಡಬೇಕು?

ಕ್ರಿಯೇಟಿನಿನ್ ಎಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಒಂದು ಕಸ. ಅದು ತಡವಾಗಿ ಬಾಯಿ ಬಿಡುತ್ತದೆ, ಅದಕ್ಕೆ.

ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸಣ್ಣ ಫಿಲ್ಟರುಗಳಿವೆ. ಗ್ಲೊಮೆರುಲಸ್ ಎಂದರೆ ಇವೇ. ಕೆಲವು ಹಾಳಾದರೆ ಉಳಿದವು ಅವುಗಳ ಪಾಲಿನ ಕೆಲಸವನ್ನೂ ತಲೆಮೇಲೆ ಹಾಕಿಕೊಂಡು ದುಡಿಯುತ್ತವೆ. ಹಾಗಾಗಿ ರಕ್ತದ ವರದಿಯಲ್ಲಿ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಕ್ರಿಯೇಟಿನಿನ್ ಕಣ್ಣಿಗೆ ಬೀಳುವಷ್ಟು ಏರುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಶಕ್ತಿ ಹೋಗಿರಬಹುದು. ಮೂತ್ರದಲ್ಲಿ ರಕ್ತದ ಕಣ, ಪ್ರೋಟೀನ್ ಕಾಣಿಸಿಕೊಳ್ಳುವುದು ಇದಕ್ಕಿಂತ ಮೊದಲು. ಅಂಗಾಂಶದಲ್ಲಿ ಬದಲಾವಣೆ ಶುರುವಾಗುವುದು ಅದಕ್ಕೂ ಮೊದಲು.

ಇನ್ನೊಂದು ಕಾರಣವೂ ಇದೆ. ಐಜಿಎ ನೆಫ್ರೋಪತಿ ಎಂದು ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ. ರಕ್ತದಲ್ಲಿ ಐಜಿಎ ಜಾಸ್ತಿ ಇದ್ದವರಿಗೆಲ್ಲ ಈ ರೋಗ ಇರುವುದಿಲ್ಲ, ರೋಗ ಇದ್ದವರಿಗೆಲ್ಲ ಅದು ಜಾಸ್ತಿಯೂ ಇರುವುದಿಲ್ಲ. ಗೊತ್ತಾಗುವುದು ಅಂಗಾಂಶ ನೋಡಿದ ಮೇಲೆಯೇ.

ಕಿಡ್ನಿಯೊಳಗೆ ನಿಜವಾಗಿ ಏನಾಗುತ್ತದೆ?

ಐಜಿಎ ನಮ್ಮ ದೇಹವೇ ಮಾಡುವ ಆಂಟಿಬಾಡಿ. ಗಂಟಲು, ಕರುಳು, ಮೂಗಿನ ಒಳಪದರವನ್ನು ಕಾಯುವುದು ಅದರ ಕೆಲಸ. ಈ ರೋಗ ಇರುವವರಲ್ಲಿ ಐಜಿಎ1 ಎಂಬ ಬಗೆಯಲ್ಲಿ ಗ್ಯಾಲಕ್ಟೋಸ್ ಸಕ್ಕರೆಯ ಅಂಶ ಕೊರೆಯಾಗಿರುತ್ತದೆ. ದೇಹ ಅದನ್ನು ಹೊರಗಿನದು ಎಂದುಕೊಂಡು ಅದರ ಮೇಲೆಯೇ ಇನ್ನೊಂದು ಆಂಟಿಬಾಡಿ ಬಿಡುತ್ತದೆ. ಎರಡೂ ಅಂಟಿಕೊಂಡು ಗಂಟಾಗಿ ರಕ್ತದಲ್ಲಿ ತಿರುಗಿ, ಫಿಲ್ಟರಿನ ನಡುವಿನ ಮೆಸಾಂಜಿಯಂ ಎಂಬ ಜಾಗದಲ್ಲಿ ಕೂರುತ್ತವೆ.

ಅಲ್ಲಿಂದ ಮುಂದೆ ಒಂದರ ಹಿಂದೆ ಒಂದು. ಮೆಸಾಂಜಿಯಂನ ಕೋಶಗಳು ರೇಗಿ ಸಂಖ್ಯೆಯಲ್ಲಿ ಹೆಚ್ಚುತ್ತವೆ. ಕಾಂಪ್ಲಿಮೆಂಟ್ ಎಂಬ ರಕ್ತದ ಪ್ರೋಟೀನುಗಳು ಸೇರಿಕೊಂಡು ಉರಿಯೂತ ಹೆಚ್ಚಿಸುತ್ತವೆ. ರಕ್ತನಾಳದ ಗೋಡೆ ಅಲ್ಲಲ್ಲಿ ಬಿರಿದು ಮೂತ್ರಕ್ಕೆ ರಕ್ತ ಸೋರುತ್ತದೆ. ಗೋಡೆಯ ಹೊರಮೈಗೆ ಕಾಲುಚಾಚಿ ಹಿಡಿದುಕೊಂಡಿರುವ ಪೋಡೋಸೈಟ್ ಕೋಶಗಳು ಕಳಚಿ ಬೀಳುತ್ತವೆ. ಇವು ಮತ್ತೆ ಹುಟ್ಟುವುದಿಲ್ಲ ಎನ್ನುವಷ್ಟು ಅಪರೂಪ, ಆದ್ದರಿಂದ ಬಿದ್ದ ಜಾಗದಲ್ಲಿ ಕಲೆ ಕಟ್ಟುತ್ತದೆ. ತಪ್ಪಿಸಿಕೊಂಡ ಪ್ರೋಟೀನ್ ಕೆಳಗಿನ ಕೊಳವೆಗಳಿಗೆ ಹೋಗುತ್ತದೆ. ಕೊಳವೆಯ ಕೋಶಗಳು ಅದನ್ನು ನುಂಗಿ ನುಂಗಿ ಸೋತು ಸೊರಗುತ್ತವೆ, ಸುತ್ತಲೂ ನಾರು ಬೆಳೆಯುತ್ತದೆ.

1968ರಲ್ಲಿ ಪ್ಯಾರಿಸ್ಸಿನ ಝಾನ್ ಬರ್ಜೆ ಮತ್ತು ನಿಕೋಲ್ ಎಂಗ್ಲೇ ಇದನ್ನು ಮೊದಲು ವಿವರಿಸಿದರು. ಕೆಲವು ಹಳೆಯ ಡಾಕ್ಟರರು ಇವತ್ತಿಗೂ ಬರ್ಜರ್ಸ್ ಡಿಸೀಸ್ ಎನ್ನುವುದು ಅದಕ್ಕೇ.

ಗಮನಿಸಬೇಕಾದ ಒಂದು ಸಂಗತಿ: ಜಪಾನಿನಲ್ಲಿ ಕಿಡ್ನಿ ದಾನ ಮಾಡಿದವರ ಅಂಗಾಂಶ ಪರೀಕ್ಷಿಸಿದಾಗ ಸುಮಾರು 16 ಶೇಕಡಾ ಜನರಲ್ಲಿ ಐಜಿಎ ಕೂತಿತ್ತು, ಆದರೆ ಅವರಿಗೆ ಕಾಯಿಲೆಯ ಲಕ್ಷಣವೇ ಇರಲಿಲ್ಲ. ಅಂದರೆ ಐಜಿಎ ಕೂತ ಮಾತ್ರಕ್ಕೆ ಕಿಡ್ನಿ ಕೆಡುವುದಿಲ್ಲ. ಕೂತ ಮೇಲೆ ಅಂಗಾಂಶ ಹೇಗೆ ಬದಲಾಗುತ್ತದೆ ಎನ್ನುವುದರ ಮೇಲೆ ಮುಂದಿನದು ನಿಂತಿದೆ.

ತೆಗೆದ ತುಂಡನ್ನು ಲ್ಯಾಬಿನಲ್ಲಿ ಏನು ಮಾಡುತ್ತೀರಿ? ವರದಿ ಬರೋಕೆ ಅಷ್ಟು ದಿನ ಯಾಕೆ?

ತುಂಡು ಎಂದರೆ ಹೆಚ್ಚೆಂದರೆ ಒಂದು ಮಿಲಿಮೀಟರ್ ದಪ್ಪ, ಒಂದೂವರೆ ಸೆಂಟಿಮೀಟರ್ ಉದ್ದ. ಬಾಟಲಿ ತೆರೆದ ಕೂಡಲೇ ಲೆನ್ಸ್ ಹಿಡಿದು ನೋಡುತ್ತೇನೆ. ಮಸುಕು ಕಂದು ಅಂಗಾಂಶದ ನಡುವೆ ಸಣ್ಣ ಕೆಂಪು ಚುಕ್ಕೆಗಳು ಕಂಡರೆ ಸಮಾಧಾನ, ಅವು ಗ್ಲೊಮೆರುಲಸ್‌ಗಳು. ಚುಕ್ಕೆ ಕಾಣದಿದ್ದರೆ ಸೂಜಿ ಕಿಡ್ನಿಯ ಒಳಭಾಗಕ್ಕೆ ಹೋಗಿದೆ, ನಮಗೆ ಬೇಕಾದ ಹೊರಪದರ ಸಿಕ್ಕಿಲ್ಲ ಎಂದು ಅನುಮಾನ.

ಸಾಮಾನ್ಯವಾಗಿ ಎರಡು ತುಂಡು ಬರುತ್ತವೆ. ಒಂದು ಫಾರ್ಮಲಿನ್‌ನಲ್ಲಿ, ಇನ್ನೊಂದು ಬೇರೆ ದ್ರಾವಣದಲ್ಲಿ. ಫಾರ್ಮಲಿನ್‌ನದ್ದನ್ನು ಮೇಣದಲ್ಲಿ ಕೂರಿಸಿ ಎರಡು ಮೂರು ಮೈಕ್ರಾನ್ ತೆಳುವಾಗಿ ಕತ್ತರಿಸುತ್ತೇವೆ. ದಪ್ಪವಾದರೆ ಕೋಶಗಳು ಒಂದರ ಮೇಲೊಂದು ಬಿದ್ದು ಇರುವುದಕ್ಕಿಂತ ಜಾಸ್ತಿ ಕಾಣುತ್ತವೆ, ಮೆಸಾಂಜಿಯಂನ ಕೋಶ ಎಷ್ಟು ಹೆಚ್ಚಿದೆ ಎಂದು ಹೇಳುವ ಎಂ ಅಂಕವೇ (ಮುಂದೆ ವಿವರಿಸಿದ್ದೇನೆ) ತಪ್ಪಾಗಬಹುದು. ಆಮೇಲೆ ಬಣ್ಣಗಳು: ಪಿಎಎಸ್ ಹಾಕಿದರೆ ಮೆಸಾಂಜಿಯಂ ಗಾಢ ಗುಲಾಬಿ, ಸಿಲ್ವರ್ ಹಾಕಿದರೆ ರಕ್ತನಾಳದ ಗೋಡೆ ಕಪ್ಪು ಗೆರೆ, ಟ್ರೈಕ್ರೋಮ್ ಹಾಕಿದರೆ ನಾರುಗಟ್ಟಿದ ಜಾಗವೆಲ್ಲ ನೀಲಿ.

ಎರಡನೇ ತುಂಡನ್ನು ಹೆಪ್ಪುಗಟ್ಟಿಸಿ ಕತ್ತರಿಸಿ, ಕತ್ತಲೆ ಕೋಣೆಯಲ್ಲಿ ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿನಲ್ಲಿ ನೋಡಬೇಕು, ಇದೇ ಇಮ್ಯುನೊಫ್ಲೋರೆಸೆನ್ಸ್. ಐಜಿಎ ಇದ್ದರೆ ಮೆಸಾಂಜಿಯಂನ ಆಕಾರದಲ್ಲೇ ಹಸಿರು ಬೆಳಗುತ್ತದೆ. ರೋಗದ ಹೆಸರು ತೀರ್ಮಾನ ಆಗುವುದು ಇಲ್ಲಿ. ರೋಗ ಎಷ್ಟು ಮುಂದೆ ಹೋಗಿದೆ ಎಂದು ಹೇಳುವುದು ಮೇಣದ ತುಂಡು. ಎರಡನೇ ತುಂಡು ತೆಗೆಯದೆ ಬರೀ ಫಾರ್ಮಲಿನ್ ಬಾಟಲಿ ಕಳಿಸಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಪೇಷಂಟ್ ಅಷ್ಟು ಕಷ್ಟಪಟ್ಟು ಹೊಟ್ಟೆಯ ಮೇಲೆ ಮಲಗಿ ಸೂಜಿ ಚುಚ್ಚಿಸಿಕೊಂಡಿರುತ್ತಾರೆ. ಬಯಾಪ್ಸಿಗೆ ಮೊದಲೇ "ಇಮ್ಯುನೊಫ್ಲೋರೆಸೆನ್ಸ್ ಮಾಡಿಸ್ತೀರಾ?" ಎಂದು ಕೇಳಿ, ಸಂಕೋಚ ಬೇಡ.

ವರದಿಯಲ್ಲಿ "ಎಂ1 ಇ0 ಎಸ್1 ಟಿ1 ಸಿ0" ಎಂದಿದೆ. ಏನಿದು?

ಇದು ಆಕ್ಸ್‌ಫರ್ಡ್ ವರ್ಗೀಕರಣ. 2009ರಲ್ಲಿ ಎಂ, ಇ, ಎಸ್, ಟಿ ಬಂತು, 2017ರಲ್ಲಿ ಸಿ ಸೇರಿತು. ಮೊದಲ ಅಧ್ಯಯನದಲ್ಲಿದ್ದವರು 265 ಜನ. ಕಿಡ್ನಿ ಆಗಲೇ ಬಹಳ ಕುಗ್ಗಿದವರನ್ನು ಅದರಲ್ಲಿ ಸೇರಿಸಿರಲಿಲ್ಲ, ಹಾಗಾಗಿ ಸಿ ಬದಲಾವಣೆಯ ತೂಕ ಸರಿಯಾಗಿ ಕಾಣಲಿಲ್ಲ. ಆಮೇಲೆ 3096 ಜನರ ಬಯಾಪ್ಸಿಗಳನ್ನು ಒಟ್ಟುಹಾಕಿ ನೋಡಿದಾಗ ಕಂಡಿತು.

ಎಂ: ಮೆಸಾಂಜಿಯಂನಲ್ಲಿ ಕೋಶಗಳು ಹೆಚ್ಚಾಗಿವೆಯೇ? ಅರ್ಧಕ್ಕಿಂತ ಜಾಸ್ತಿ ಗ್ಲೊಮೆರುಲಸ್‌ಗಳಲ್ಲಿ ಹಾಗಿದ್ದರೆ ಎಂ1.

ಇ: ರಕ್ತನಾಳದ ಒಳಗೇ ಕೋಶಗಳು ತುಂಬಿ ದಾರಿ ಕಟ್ಟಿದೆಯೇ? ಒಂದರಲ್ಲಿ ಕಂಡರೂ ಇ1. ಇದು ಈಗ ನಡೆಯುತ್ತಿರುವ ಉರಿಯೂತ.

ಎಸ್: ಗ್ಲೊಮೆರುಲಸ್‌ನ ಒಂದು ಭಾಗದಲ್ಲಿ ಕಲೆ ಕಟ್ಟಿದೆಯೇ, ಅಥವಾ ಹೊರಚೀಲಕ್ಕೆ ಅಂಟಿಕೊಂಡಿದೆಯೇ? ಒಂದರಲ್ಲಿ ಇದ್ದರೂ ಎಸ್1.

ಟಿ: ಕೊಳವೆಗಳು ಸೊರಗಿ, ಸುತ್ತ ನಾರು ಬೆಳೆದ ಜಾಗ ಹೊರಪದರದಲ್ಲಿ ಎಷ್ಟು? 25 ಶೇಕಡಾದವರೆಗೆ ಟಿ0, 26ರಿಂದ 50ರವರೆಗೆ ಟಿ1, 50 ದಾಟಿದರೆ ಟಿ2.

ಸಿ: ಕ್ರೆಸೆಂಟ್, ಅಂದರೆ ಗೋಡೆ ಒಡೆದು ಹೊರಚೀಲದಲ್ಲಿ ಕೋಶಗಳು ಅರ್ಧಚಂದ್ರದ ಹಾಗೆ ತುಂಬಿಕೊಳ್ಳುವುದು. ಇಲ್ಲದಿದ್ದರೆ ಸಿ0, 25 ಶೇಕಡಾಕ್ಕಿಂತ ಕಡಿಮೆ ಗ್ಲೊಮೆರುಲಸ್‌ಗಳಲ್ಲಿ ಇದ್ದರೆ ಸಿ1, ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಿ2.

ನಮ್ಮವರು ಸಾಮಾನ್ಯವಾಗಿ ಇವೆಲ್ಲವನ್ನೂ ಕೂಡಿಸಿ "ಐದರಲ್ಲಿ ಮೂರು ಬಂತು" ಎನ್ನುತ್ತಾರೆ. ಹಾಗೆ ಕೂಡಿಸಬೇಡಿ. ಇವು ಪರೀಕ್ಷೆಯ ಮಾರ್ಕ್ಸ್ ಅಲ್ಲ, ಒಂದೊಂದೂ ಬೇರೆ ಬೇರೆ ವಿಷಯ ಹೇಳುತ್ತದೆ.

ಇವುಗಳಲ್ಲಿ ಯಾವುದು ಜಾಸ್ತಿ ಗಂಭೀರ?

ಟಿ. ಹೆಚ್ಚಿನ ಎಲ್ಲ ಅಧ್ಯಯನಗಳಲ್ಲೂ ಕಿಡ್ನಿ ಮುಂದೆ ಕುಗ್ಗುತ್ತದೆ ಎಂದು ಬಲವಾಗಿ ಹೇಳಿದ್ದು ಟಿ ಅಂಕವೇ. ರೋಗ ಶುರುವಾಗುವುದು ಫಿಲ್ಟರಿನಲ್ಲಿ, ಆದರೆ ಎಷ್ಟು ಕಿಡ್ನಿ ಉಳಿದಿದೆ ಎಂದು ಹೇಳುವುದು ಕೊಳವೆಗಳ ಸುತ್ತಲಿನ ಜಾಗ. ಟ್ರೈಕ್ರೋಮ್ ಸ್ಲೈಡ್ ಬೆಳಕಿಗೆ ಹಿಡಿದಾಗ ಬರಿಗಣ್ಣಿಗೇ ನೀಲಿ ಪಟ್ಟೆಗಳು ಕಂಡರೆ, ಅದೂ ಇಪ್ಪತ್ತೈದು ವರ್ಷದ ಹುಡುಗನ ಬಯಾಪ್ಸಿ ಎಂದು ಫಾರ್ಮಿನಲ್ಲಿ ಓದಿದರೆ, ತುಂಬ ಸಂಕಟವಾಗುತ್ತದೆ. ಎಷ್ಟೋ ಸಲ ಅದೇ ಹುಡುಗನ ಮೂತ್ರದಲ್ಲಿ ಪ್ರೋಟೀನ್ ಇದೆ ಎಂದು ಕೆಲಸಕ್ಕೆ ಸೇರುವಾಗಿನ ಮೆಡಿಕಲ್ ಚೆಕಪ್‌ನಲ್ಲೇ ಬರೆದಿರುತ್ತಾರೆ, ಯಾರೂ ಲಕ್ಷ್ಯ ಕೊಟ್ಟಿರುವುದಿಲ್ಲ.

ಇ ಮತ್ತು ಸಿ ಕಥೆ ಬೇರೆ. ಅವು ಹಸಿ ಗಾಯ. ಸ್ಟಿರಾಯ್ಡ್‌ನಂಥ ಔಷಧ ಕೊಟ್ಟಾಗ ಅವು ಕಡಿಮೆಯಾಗುವುದುಂಟು. ಒಂದೆರಡು ಕ್ರೆಸೆಂಟ್ ಇದ್ದ ಸಿ1 ಗುಂಪಿನಲ್ಲಿ, ಇಮ್ಯೂನ್ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳದವರಿಗೇ ಅಪಾಯ ಹೆಚ್ಚಿತ್ತು. ಸಿ2 ಇದ್ದವರಿಗೆ ಔಷಧ ಕೊಟ್ಟರೂ ಅಪಾಯ ಉಳಿದಿತ್ತು. ಕ್ರಿಯೇಟಿನಿನ್ ವಾರವಾರ ಏರುತ್ತಾ ಬಯಾಪ್ಸಿಯಲ್ಲಿ ತುಂಬ ಕ್ರೆಸೆಂಟ್ ಕಂಡರೆ ಅದು ತುರ್ತು, ಕೂಡಲೇ ಅಡ್ಮಿಟ್ ಆಗಬೇಕು.

ಎಸ್ ಹಳೆಯ ಕಲೆ, ಬಹುಮಟ್ಟಿಗೆ ಅಳಿಸಲಾಗದು. ಎಂ ಎಲ್ಲಕ್ಕಿಂತ ಮೆತ್ತಗಿನ ಸೂಚನೆ ಎಂದು ನನ್ನ ಅನಿಸಿಕೆ, ಆದರೆ ಪ್ರೋಟೀನ್ ಜೊತೆಗಿದ್ದರೆ ಅದನ್ನೂ ಬಿಡುವಂತಿಲ್ಲ.

ಇಷ್ಟು ಸಣ್ಣ ತುಂಡು ಇಡೀ ಕಿಡ್ನಿಯ ಕಥೆ ಹೇಳುತ್ತದಾ?

ಅನ್ನ ಬೆಂದಿದೆಯಾ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತೇವಲ್ವಾ, ಇಲ್ಲಿ ಒಂದು ಅಗುಳು ಸಾಲದು. ಈ ರೋಗ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಒಂದು ಗ್ಲೊಮೆರುಲಸ್ ಪೂರ್ತಿ ಕಲೆಗಟ್ಟಿದ್ದರೆ ಪಕ್ಕದ್ದು ಚೆನ್ನಾಗಿರುತ್ತದೆ. ಅದಕ್ಕೇ ಆಕ್ಸ್‌ಫರ್ಡ್ ಅಂಕ ಹಾಕಲು ಕನಿಷ್ಠ 8 ಗ್ಲೊಮೆರುಲಸ್ ಬೇಕು ಎಂದಿದ್ದಾರೆ. ಹೆಚ್ಚು ಇದ್ದಷ್ಟೂ ಒಳ್ಳೆಯದು. ನಿಮ್ಮ ವರದಿಯಲ್ಲಿ ಮೊದಲು ಹುಡುಕಬೇಕಾದದ್ದು ಈ ಸಂಖ್ಯೆಯನ್ನೇ. ಐದೇ ಗ್ಲೊಮೆರುಲಸ್ ನೋಡಿ ಬರೆದ "ಸಿ0"ಗೂ ಇಪ್ಪತ್ತೆರಡು ನೋಡಿ ಬರೆದ "ಸಿ0"ಗೂ ಬಹಳ ವ್ಯತ್ಯಾಸ ಇದೆ.

ಗಂಟಲು ನೋವು ಬಂದಾಗೆಲ್ಲ ಮೂತ್ರ ಕೋಲಾ ಬಣ್ಣಕ್ಕೆ ತಿರುಗುತ್ತದೆ. ಪ್ರತಿಸಲ ಕಿಡ್ನಿ ಕೆಡುತ್ತಾ?

ಬಣ್ಣಕ್ಕೂ ಹಾನಿಗೂ ನೇರ ಲೆಕ್ಕ ಇಲ್ಲ. ಗಂಟಲು ಕೆಟ್ಟ ಒಂದೆರಡು ದಿನದಲ್ಲೇ ಹೀಗಾಗುವುದು ಈ ರೋಗದ ಗುರುತು, ಹೆಚ್ಚಾಗಿ ತಾನೇ ಕಡಿಮೆಯಾಗುತ್ತದೆ. ಕಣ್ಣಿಗೆ ಕಾಣುವಂತೆ ಕೆಂಪಾದ್ದರಿಂದ ಬೇಗ ಡಾಕ್ಟರ ಬಳಿ ಹೋಗುತ್ತಾರೆ, ಒಂದರ್ಥದಲ್ಲಿ ಅದು ಒಳ್ಳೆಯದೇ. ನೋವಿಲ್ಲ, ಬಣ್ಣವಿಲ್ಲ, ಬರೀ ನೊರೆ ನೊರೆ ಮೂತ್ರ ವರ್ಷಗಟ್ಟಲೆ ಹೋಗುತ್ತಿದ್ದವರ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಆದರೂ ಕೆಂಪು ಮೂತ್ರದ ಜೊತೆ ಮೂತ್ರ ಕಡಿಮೆಯಾದರೆ, ಕಾಲು ಊದಿದರೆ ಅದೇ ದಿನ ತೋರಿಸಿ.

ಹಾಗಾದರೆ ನನ್ನ ಕಿಡ್ನಿ ಎಷ್ಟು ವರ್ಷ ಬರುತ್ತದೆ?

ಎಲ್ಲರೂ ಕೇಳುವುದು ಇದನ್ನೇ. ಬರೀ ಬಯಾಪ್ಸಿ ನೋಡಿ ಯಾರೂ ಹೇಳಲಾರರು. 2019ರಲ್ಲಿ ಒಂದು ಅಂತಾರಾಷ್ಟ್ರೀಯ ಲೆಕ್ಕದ ಸಾಧನ ಬಂತು. ಬಯಾಪ್ಸಿ ಹೊತ್ತಿನ ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಂದಾಜು), ಬಿಪಿ, ಮೂತ್ರದ ಪ್ರೋಟೀನ್, ವಯಸ್ಸು, ತೆಗೆದುಕೊಳ್ಳುತ್ತಿರುವ ಔಷಧ, ಎಂ ಇ ಎಸ್ ಟಿ ಅಂಕ ಇವೆಲ್ಲ ಹಾಕಿದರೆ, ಮುಂದಿನ ಐದು ವರ್ಷದಲ್ಲಿ ಕಿಡ್ನಿ ಶಕ್ತಿ ಅರ್ಧಕ್ಕಿಳಿಯುವ ಅಥವಾ ಕಿಡ್ನಿ ಪೂರ್ತಿ ಸೋಲುವ ಸಾಧ್ಯತೆ ಎಷ್ಟು ಶೇಕಡಾ ಎಂದು ಹೇಳುತ್ತದೆ. ಅದರ ಒಂದು ಬಗೆಯಲ್ಲಿ ಜನಾಂಗವನ್ನೂ ಕೇಳುತ್ತಾರೆ: ಬಿಳಿಯರು, ಚೀನೀಯರು, ಜಪಾನೀಯರು. ನಾವು "ಇತರರು" ಎಂದು ಒತ್ತಬೇಕು. ನಮ್ಮ ಕಡೆಯ ಜನರಲ್ಲಿ ಈ ರೋಗ ಜೋರಾಗಿ ಸಾಗುತ್ತದೆ ಎಂದು ಡಾಕ್ಟರರು ಬಹಳ ಕಾಲದಿಂದ ಗಮನಿಸಿದ್ದಾರೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ನಮ್ಮ ಜನರನ್ನೇ ಹಿಂಬಾಲಿಸುವ ಅಧ್ಯಯನ ನಡೆದಿರುವುದು ಇದಕ್ಕಾಗಿಯೇ. ಹಾಗಾಗಿ ಸಾಧನ ಕೊಟ್ಟ ಶೇಕಡಾವನ್ನು ಒಂದು ಅಂದಾಜು ಎಂದು ಮಾತ್ರ ತಿಳಿಯಿರಿ, ಅದನ್ನು ನೋಡಿ ಮೈಮರೆಯುವುದೂ ಬೇಡ, ಕುಸಿಯುವುದೂ ಬೇಡ.

"ದಿನಕ್ಕೆ ಒಂದು ಗ್ರಾಂಗಿಂತ ಕಡಿಮೆ ಪ್ರೋಟೀನ್ ಹೋಗುತ್ತಿದ್ದರೆ ಚಿಂತೆ ಇಲ್ಲ" ಎಂಬ ಹಳೆಯ ಮಾತು ಈಗ ನಿಲ್ಲುವುದಿಲ್ಲ. 2023ರಲ್ಲಿ ಬ್ರಿಟನ್ನಿನ ದಾಖಲೆಗಳ ಅಧ್ಯಯನ ಪ್ರಕಟವಾಯಿತು. ಪ್ರೋಟೀನ್–ಕ್ರಿಯೇಟಿನಿನ್ ಅನುಪಾತ (ಮೂತ್ರದ ಒಂದು ಗ್ರಾಂ ಕ್ರಿಯೇಟಿನಿನ್‌ಗೆ ಎಷ್ಟು ಗ್ರಾಂ ಪ್ರೋಟೀನ್, ಹೆಚ್ಚುಕಡಿಮೆ ದಿನದ ಗ್ರಾಂ ಲೆಕ್ಕಕ್ಕೆ ಸಮ) ಸರಾಸರಿ 0.44ರಿಂದ 0.88 ಗ್ರಾಂ ನಡುವೆ ಇದ್ದವರಲ್ಲೂ ಸುಮಾರು 30 ಶೇಕಡಾ ಜನರಿಗೆ ಹತ್ತು ವರ್ಷದೊಳಗೆ ಕಿಡ್ನಿ ಸೋತಿತ್ತು. ಆ ದಾಖಲೆಗೆ ಸೇರಿದವರಿಗೆ ಮೊದಲೇ ಪ್ರೋಟೀನ್ ಸೋರಿಕೆ ಅಥವಾ ಇಜಿಎಫ್‌ಆರ್ ಇಳಿಕೆ ಇತ್ತು ಎನ್ನುವುದನ್ನೂ ಮರೆಯಬಾರದು. ಕಿಡ್ನಿ ರೋಗಗಳ ಅಂತಾರಾಷ್ಟ್ರೀಯ ಸಂಸ್ಥೆ ಕೆಡಿಗೋದ 2025ರ ಮಾರ್ಗಸೂಚಿ ದಿನಕ್ಕೆ 0.5 ಗ್ರಾಂಗಿಂತ ಕೆಳಗೆ, ಸಾಧ್ಯವಾದರೆ 0.3ಕ್ಕಿಂತಲೂ ಕೆಳಗೆ ತನ್ನಿ ಎನ್ನುತ್ತದೆ.

ಪ್ರೋಟೀನ್ ಅಳೆಯುವ ಬಗ್ಗೆ ಒಂದು ಮಾತು. ಬೆಳಿಗ್ಗೆ ಲೋಕಲ್ ಹಿಡಿದು ರಾತ್ರಿ ಮನೆ ಸೇರುವವರಿಗೆ 24 ಗಂಟೆಯ ಮೂತ್ರ ಕೂಡಿಡುವುದು ಕಷ್ಟ. ಮಧ್ಯೆ ಒಂದು ಸಲ ತಪ್ಪಿದರೂ ಲೆಕ್ಕ ಕೆಟ್ಟಿತು. ಭಾನುವಾರ ಮನೆಯಲ್ಲಿರುವಾಗ ಮಾಡಿ, ಇಲ್ಲವೇ ಬೆಳಗಿನ ಮೂತ್ರದ ಪ್ರೋಟೀನ್–ಕ್ರಿಯೇಟಿನಿನ್ ಅನುಪಾತ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ. ಪ್ರತಿಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿ.

ಔಷಧ ತೆಗೆದುಕೊಂಡರೆ ಅಂಗಾಂಶ ಮೊದಲಿನಂತೆ ಆಗುತ್ತದಾ?

ಹಸಿ ಗಾಯ ಮಾಯಬಹುದು, ಕಲೆ ಹೋಗುವುದಿಲ್ಲ. ಆದರೆ ಹೊಸ ಕಲೆ ಕಟ್ಟದಂತೆ ತಡೆಯುವುದಕ್ಕೆ ಈಗ ಮೊದಲಿಗಿಂತ ಬಹಳ ದಾರಿಗಳಿವೆ. ಟಿ1 ಎಂದು ಬಂದ ಕೂಡಲೇ "ಇನ್ನೇನು ಡಯಾಲಿಸಿಸ್" ಎಂದು ಅಳುವವರಿಗೆ ಇದನ್ನೇ ಹೇಳುತ್ತೇನೆ. ಟಿ1 ಅಂದರೆ ಅರ್ಧಕ್ಕಿಂತ ಹೆಚ್ಚು ಜಾಗ ಇನ್ನೂ ಚೆನ್ನಾಗಿದೆ, ಉಳಿಸಿಕೊಳ್ಳಬೇಕಾದದ್ದು ಅದನ್ನು.

ಬುನಾದಿ ಎಂದರೆ ರಾಮಿಪ್ರಿಲ್, ಲೊಸಾರ್ಟನ್, ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ. ಬಿಪಿ ಇಳಿಸುವುದರ ಜೊತೆಗೆ ಫಿಲ್ಟರಿನೊಳಗಿನ ಒತ್ತಡವನ್ನೂ ಇವು ಇಳಿಸುತ್ತವೆ, ಆದ್ದರಿಂದ ಪ್ರೋಟೀನ್ ಸೋರುವುದು ಕಡಿಮೆಯಾಗುತ್ತದೆ. ಮಗು ಬೇಕೆಂದಿರುವ ಹೆಣ್ಣುಮಕ್ಕಳು ಇದನ್ನು ಡಾಕ್ಟರಿಗೆ ಮೊದಲೇ ಹೇಳಲೇಬೇಕು, ಗರ್ಭಿಣಿಯರಿಗೆ ಈ ಮಾತ್ರೆ ಆಗುವುದಿಲ್ಲ. ಇದರ ಜೊತೆ ಡಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ, ಸಕ್ಕರೆ ಕಾಯಿಲೆ ಇಲ್ಲದವರಿಗೂ ಕೊಡುತ್ತಾರೆ. "ನನಗೆ ಶುಗರ್ ಇಲ್ಲ, ಯಾಕೆ ಬರೆದರು" ಎಂದು ಸುಮ್ನೆ ನಿಲ್ಲಿಸಬೇಡಿ.

ಸ್ಟಿರಾಯ್ಡ್ ವಿಷಯ ನಾಜೂಕು. ಭಾರತವೂ ಸೇರಿದ್ದ ಟೆಸ್ಟಿಂಗ್ ಎಂಬ ಪ್ರಯೋಗದಲ್ಲಿ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಕಿಡ್ನಿಯನ್ನು ಕಾಪಾಡಿತು, ಆದರೆ ಗಂಭೀರ ಸೋಂಕುಗಳೂ ಹೆಚ್ಚಾದವು. ಹಾಗಾಗಿ ಡೋಸ್ ಇಳಿಸಿ, ಸೋಂಕು ತಡೆಯುವ ಮಾತ್ರೆಯ ಜೊತೆ ಕೊಟ್ಟು ಮುಂದುವರಿಸಿದರು. ಮುಂಬೈಯಲ್ಲಿ ಟಿಬಿ ಇಷ್ಟು ಇರುವಾಗ, ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿದ್ದರೆ ಸ್ಟಿರಾಯ್ಡ್‌ಗೆ ಮೊದಲು ಹೇಳಿಬಿಡಿ. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಬಿಡುಗಡೆಯಾಗುವ ಬುಡೆಸೊನೈಡ್, ಸ್ಪಾರ್ಸೆಂಟಾನ್, ಕಾಂಪ್ಲಿಮೆಂಟ್ ತಡೆಯುವ ಇಪ್ಟಕೋಪಾನ್ ಇವೆಲ್ಲ 2021ರಿಂದ ಈಚೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಹೊಸ ಔಷಧಗಳು.

ಕೆಡಿಗೋದ 2021ರ ಮಾರ್ಗಸೂಚಿ, ಬರೀ ಬಯಾಪ್ಸಿ ಅಂಕ ನೋಡಿ ಸ್ಟಿರಾಯ್ಡ್ ತೀರ್ಮಾನ ಮಾಡಲು ಆಧಾರ ಸಾಲದು ಎಂದಿತ್ತು. ಆದರೂ ಟಿ2 ಇದ್ದು ಎಲ್ಲ ನಾರುಗಟ್ಟಿದ ಕಿಡ್ನಿಗೆ ಸ್ಟಿರಾಯ್ಡ್ ಸುರಿದರೆ ಲಾಭ ಕಡಿಮೆ, ಅಪಾಯ ಪೂರ್ತಿ. ಅನುಭವಿ ಡಾಕ್ಟರರು ಸ್ಲೈಡ್ ನೋಡಲು ಖುದ್ದಾಗಿ ನಮ್ಮ ಲ್ಯಾಬಿಗೆ ಬರುವುದು ಇದನ್ನು ತೂಗಿ ನೋಡಲಿಕ್ಕೇ.

ಮತ್ತೊಮ್ಮೆ ಬಯಾಪ್ಸಿ ಬೇಕಾಗುತ್ತದಾ?

ಎಲ್ಲರಿಗೂ ಇಲ್ಲ. ಕ್ರಿಯೇಟಿನಿನ್ ಇದ್ದಕ್ಕಿದ್ದಂತೆ ಏರಿದರೆ, ಅಥವಾ ಔಷಧ ಸರಿಯಾಗಿ ತೆಗೆದುಕೊಂಡರೂ ಪ್ರೋಟೀನ್ ಇಳಿಯದಿದ್ದರೆ ಕೇಳಬಹುದು. ಉಳಿದವರಿಗೆ ಮೂತ್ರ, ರಕ್ತ, ಬಿಪಿ ಸಾಕು.

ನಮ್ಮ ಕೈಯಲ್ಲಿ ಏನಿದೆ?

ಉಪ್ಪು. ದಿನಕ್ಕೆ ಐದು ಗ್ರಾಂ ಒಳಗೆ, ಅಂದರೆ ಒಂದು ಸಣ್ಣ ಚಮಚ. ಉಪ್ಪು ಜಾಸ್ತಿಯಾದರೆ ಆ ಬಿಪಿ ಮಾತ್ರೆಗಳ ಕೆಲಸವೇ ತಗ್ಗುತ್ತದೆ. ಸಾರಿನಲ್ಲಿ ಕಡಿಮೆ ಹಾಕಿ, ಆಮೇಲೆ ಹಪ್ಪಳ, ಮಿಡಿ ಉಪ್ಪಿನಕಾಯಿ, ಒಣಮೀನು, ಸಂಜೆ ಫರ್ಸಾಣ್‌ನಂಥ ಕುರುಕಲು ತಿಂದರೆ ಏನು ಬಂತು?

ನೋವಿನ ಮಾತ್ರೆ. ಹೋಟೆಲ್ ಅಡುಗೆಮನೆಯಲ್ಲಿ ಹತ್ತು ಹನ್ನೆರಡು ಗಂಟೆ ನಿಂತೇ ದುಡಿಯುವ ನಮ್ಮವರು ಬೆನ್ನುನೋವಿಗೆ ಡೈಕ್ಲೊಫೆನ್ಯಾಕ್, ಐಬುಪ್ರೊಫೆನ್ ಮೆಡಿಕಲ್‌ನಿಂದ ತಾವೇ ತಂದು ನುಂಗುತ್ತಾರೆ. ಈ ರೋಗ ಇದ್ದವರಿಗೆ ಅದು ಬೇಡವೇ ಬೇಡ. ಪ್ಯಾರಾಸಿಟಮಾಲ್ ಸಾಕಾಗುತ್ತದಾ ಎಂದು ಡಾಕ್ಟರನ್ನು ಕೇಳಿ. ಹೆಸರಿಲ್ಲದ ಪುಡಿ, ಭಸ್ಮ ಕೂಡ ಬೇಡ.

ಮಳೆಗಾಲ. ಹಿಂದ್‌ಮಾತಾ, ಸಾಯನ್ ಕಡೆ ಮೊಣಕಾಲುದ್ದ ನೀರಿನಲ್ಲಿ ನಡೆದು ಬಂದ ಮೇಲೆ ಜ್ವರ ಬಂದರೆ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಇರಬಹುದು, ಅದು ನೇರ ಕಿಡ್ನಿಯ ಕೊಳವೆಗಳಿಗೇ ಹೊಡೆಯುತ್ತದೆ. ಮೊದಲೇ ಟಿ1 ಇದ್ದವರಿಗೆ ಈ ಹೊಡೆತ ತಡೆಯುವ ಶಕ್ತಿ ಕಡಿಮೆ. ಅಂಥ ನೀರು ತುಳಿದಿದ್ದರೆ ಜ್ವರಕ್ಕೆ ಕಾಯದೆ ಮೂರು ದಿನದೊಳಗೆ ಡಾಕ್ಟರನ್ನು ಕಾಣಿ. ವಾಂತಿಭೇದಿ ಆಗಿ ನೀರು ಕಳೆದುಕೊಂಡ ದಿನಗಳಲ್ಲಿ ಬಿಪಿ ಮಾತ್ರೆ, ಡಪಾಗ್ಲಿಫ್ಲೋಜಿನ್ ನಿಲ್ಲಿಸಬೇಕಾ ಎಂದು ಫೋನ್ ಮಾಡಿ ಕೇಳಿ. ಸಿಗರೇಟು ಇದ್ದರೆ ಬಿಡಿ.

ಊರಿಗೆ ಹೋಗಿ ಮಣಿಪಾಲದಲ್ಲಿ ತೋರಿಸಬೇಕು ಅಂತಿದ್ದೇವೆ. ಮತ್ತೆ ಬಯಾಪ್ಸಿ ಮಾಡ್ತಾರಾ?

ಬೇಕಾಗಲಿಕ್ಕಿಲ್ಲ. ವರದಿಯ ಕಾಗದ ಮಾತ್ರ ಒಯ್ಯಬೇಡಿ, ಲ್ಯಾಬಿಗೆ ಅರ್ಜಿ ಕೊಟ್ಟು ಸ್ಲೈಡುಗಳನ್ನೂ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಅಲ್ಲಿನ ಪೆಥಾಲಜಿಸ್ಟ್ ಅದೇ ಬ್ಲಾಕಿನಿಂದ ಹೊಸದಾಗಿ ಕತ್ತರಿಸಿ ನೋಡಬಹುದು. ಫ್ಲೋರೆಸೆನ್ಸ್ ಸ್ಲೈಡಿನ ಹಸಿರು ಕಾಲ ಕಳೆದಂತೆ ಮಾಸುತ್ತದೆ, ಆದ್ದರಿಂದ ಅದರ ಫೋಟೋ ಇದ್ದರೆ ಕೇಳಿ. ವರದಿಯ ಜೊತೆ ಹಿಂದಿನ ಎಲ್ಲ ಕ್ರಿಯೇಟಿನಿನ್, ಪ್ರೋಟೀನ್ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ಸ್ಲೈಡುಗಳನ್ನು ಅವರು ಕೊಟ್ಟ ಪೆಟ್ಟಿಗೆಯಲ್ಲೇ ಇಡಿ, ಗಾಜು ಒಡೆಯುತ್ತದೆ. ಬ್ಲಾಕ್ ಇರುವುದು ಮೇಣದಲ್ಲಿ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ರೈಲಿನಲ್ಲಿ ಹೋಗುವುದಾದರೆ ಕೈಚೀಲದಲ್ಲಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.